ಸ್ಯಾಕ್ ಎಣಿಸುವವರಿಗೆ

2022ರ ಫೆಬ್ರವರಿ, ಅಮೆರಿಕನ್ ಫುಟ್‌ಬಾಲ್‌ನ ಸೂಪರ್ ಬೌಲ್. ಪಂದ್ಯದಲ್ಲಿ ಉಳಿಯಲು ಸಿನ್ಸಿನಾಟಿ ಬೆಂಗಾಲ್ಸ್‌ಗೆ ಬೇಕಿದ್ದದ್ದು ಒಂದೇ ಗಜ. ಕ್ವಾರ್ಟರ್‌ಬ್ಯಾಕ್ ಜೋ ಬರೋ ಚೆಂಡೆಸೆಯುವ ಹೊತ್ತಿಗೆ ಲಾಸ್ ಏಂಜಲಿಸ್ ರಾಮ್ಸ್‌ನ ಆರನ್ ಡೊನಾಲ್ಡ್ ಅವನನ್ನು ಹಿಡಿದು ತಿರುಗಿಸಿದ್ದ. ಚೆಂಡು ದಿಕ್ಕುತಪ್ಪಿ ನೆಲಕ್ಕೆ ಬಿತ್ತು. ರಾಮ್ಸ್ 23-20ರಿಂದ ಗೆದ್ದಿತು. ಪಂದ್ಯ ಗೆಲ್ಲಿಸಿಕೊಟ್ಟ ಆ ಹಿಡಿತಕ್ಕೆ ಲೆಕ್ಕದ ಪುಸ್ತಕದಲ್ಲಿ ಸ್ಯಾಕ್ ಇಲ್ಲ. ಎಸೆಯುವ ಮೊದಲೇ ಕೆಡವಿದರೆ ಮಾತ್ರ ಸ್ಯಾಕ್!

ಆದರೂ ಪಾಸ್ ರಶರ್ ಎಂದರೆ ಮೊದಲು ಕೇಳುವುದೇ 'ಎಷ್ಟು ಸ್ಯಾಕ್?' ಎಂದು. ಈ ಲೆಕ್ಕ ಅಧಿಕೃತವಾದದ್ದೇ 1982ರಲ್ಲಿ. ನ್ಯೂಯಾರ್ಕ್ ಜೈಂಟ್ಸ್‌ನ ಲಾರೆನ್ಸ್ ಟೇಲರ್ 1981ರಲ್ಲಿ, ಆಡಿದ ಮೊದಲ ವರ್ಷವೇ, ವರ್ಷದ ರಕ್ಷಣಾ ಆಟಗಾರನಾದ. ಆ ವರ್ಷದ ಅವನ ಸ್ಯಾಕ್‌ಗಳು ಅಧಿಕೃತ ಖಾತೆಯಲ್ಲಿ ಇಂದಿಗೂ ಇಲ್ಲ. ಹಾಗಾದರೆ ಅವನು ಏನೂ ಮಾಡಲಿಲ್ಲವೇ?

ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಸಾಲಿನಲ್ಲಿ ಐವರು. ಅವರಲ್ಲಿ ಇಬ್ಬರು ಡೊನಾಲ್ಡ್‌ಗೇ ಮೀಸಲಾದರೆ, ಅವನ ಜೊತೆಗಾರರಿಗೆ ಒಬ್ಬೊಬ್ಬನೇ ಎದುರಾಳಿ. ನಾಲ್ವರೇ ನುಗ್ಗಿದರೆ ಸಾಕು. ಉಳಿದ ಏಳು ಮಂದಿ ಹಿಂದೆ ನಿಂತು ಪಾಸ್ ಕಾಯಬಹುದು. ಅವರೂ ಹೆಚ್ಚು ಹೊತ್ತು ಕಾಯಬೇಕಿಲ್ಲ. ಚೆಂಡು ಅವಸರದಲ್ಲೇ ಕೈಬಿಡುತ್ತದೆ. ಒಬ್ಬನಿಂದ ಹನ್ನೊಂದು ಜನರ ಕೆಲಸ ಬದಲಾಗುವುದು ಹೀಗೆ.

ಪ್ರಕಟವಾದ ಲೇಖನಗಳ ಸಂಖ್ಯೆಯಲ್ಲೇ ಸಂಶೋಧಕರನ್ನು ತೂಗುವ ಕಡೆ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ತಕ್ಕಡಿಯ ಪರಿಚಯ ಚೆನ್ನಾಗಿಯೇ ಇದೆ. ಎಣಿಸುವುದು ಸುಲಭ, ಆಟ ನೋಡುವುದು ಕಷ್ಟ. ಪಕ್ಕದವನ ಹೆಸರಿಗೆ ಬಿದ್ದ ಸ್ಯಾಕ್‌ನಲ್ಲಿ ಡೊನಾಲ್ಡ್‌ನ ಪಾಲೆಷ್ಟು? ಪಟ್ಟಿ ಹಿಡಿದವರು ಹೇಳಲಿ.