ಬಿಪಿ ಮಾತ್ರೆಗೂ ಲೇಹ್‌ಗೂ ಏನು ಸಂಬಂಧ?

ರಜೆ ಇದ್ದದ್ದು ಐದೇ ದಿನ. "ಎರಡು ದಿನ ರೆಸ್ಟ್ ಅಂತ ಮಲಗಿದ್ರೆ ಊರು ನೋಡೋದ್ಯಾವಾಗ ಅಕ್ಕಾ?" ಅಂದ ತಮ್ಮ. ನಾನೂ ಹೂಂ ಅಂದೆ. ಬೆಂಗಳೂರಿಂದ ವಿಮಾನದಲ್ಲಿ ಹೊರಟು ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಇಳಿದು, ಮರುದಿನವೇ ಗಾಡಿ ಮಾಡಿಕೊಂಡು ಖರ್ದುಂಗ್ ಲಾ ಹತ್ತಿದೆವು.

ಆ ರಾತ್ರಿ ಅವನಿಗೆ ಕೆಮ್ಮು. ಮಲಗಿದ್ರೆ ಉಸಿರೇ ಸಿಗ್ತಿಲ್ಲ ಅಂತ ಎದ್ದು ಕೂತ. ತುಟಿ ನೀಲಿಗಟ್ಟಿತ್ತು. "ಎದೆಯೊಳಗೆ ಗೊರಗೊರ ಅಂತಿದೆ" ಅಂದಾಗ ನನ್ನ ಕೈಕಾಲು ತಣ್ಣಗಾಯ್ತು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಜೊತೆಗೆ ನಿಫೆಡಿಪಿನ್ ಮಾತ್ರೆ. ಅಮ್ಮ ಬಿಪಿಗೆ ತಗೊಳ್ಳೋ ಆಮ್ಲೋಡಿಪಿನ್‌ನ ಗುಂಪಿನದೇ. ಬಿಪಿ ಮಾತ್ರೆ ಶ್ವಾಸಕೋಶಕ್ಕೇಕೆ?

ಆಮ್ಲಜನಕ ಕಡಿಮೆಯಾದರೆ ಮೈಯ ಬೇರೆ ಕಡೆ ರಕ್ತನಾಳ ಹಿಗ್ಗುತ್ತೆ. ಶ್ವಾಸಕೋಶದಲ್ಲಿ ಉಲ್ಟಾ, ಬಿಗಿಯುತ್ತೆ. 1946ರಲ್ಲಿ ಸ್ವೀಡನ್ನಿನ ವಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಲ್ಲಿ ಇದನ್ನು ತೋರಿಸಿದರು. ಗಾಳಿಯಾಡದ ಮೂಲೆಗೆ ರಕ್ತ ಕಳಿಸಿ ಏನು ಲಾಭ? ಚೆನ್ನಾಗಿ ಗಾಳಿ ಇರೋ ಕಡೆ ತಿರುಗಿಸೋದೇ ಜಾಣತನ.

ಈ ಬಿಗಿತದ ಹಿಂದಿರೋದು ಕ್ಯಾಲ್ಸಿಯಂ. ನಾಳದ ಗೋಡೆಯ ಸ್ನಾಯುಕೋಶದ ಒಳಗಿಗಿಂತ ಹೊರಗೆ ಅದು ಸುಮಾರು 10,000 ಪಟ್ಟು ಹೆಚ್ಚಿರುತ್ತೆ. ಆಮ್ಲಜನಕ ಇಳಿದಾಗ ಕೋಶದ ಪೊಟ್ಯಾಸಿಯಂ ದಾರಿಗಳು ಮುಚ್ಚುತ್ತವೆ. ಕೋಶದ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತೆ. ಹೊರಗಿನದು ಒಳಗೆ ನುಗ್ಗುತ್ತೆ, ಕೋಶದೊಳಗಿನ ಉಗ್ರಾಣದಿಂದಲೂ ಒಂದಿಷ್ಟು ಬಿಡುಗಡೆಯಾಗುತ್ತೆ. ಕ್ಯಾಲ್ಮೋಡ್ಯುಲಿನ್ ಅನ್ನೋ ಪ್ರೋಟೀನ್ ಅದನ್ನು ಹಿಡಿದುಕೊಂಡು ಕಿಣ್ವವೊಂದನ್ನು ಎಬ್ಬಿಸುತ್ತೆ. ಸ್ನಾಯು ಕುಗ್ಗುತ್ತೆ.

ಕಫ ಕಟ್ಟಿದ ಒಂದು ಮೂಲೆಯಲ್ಲಿ ಹೀಗಾದರೆ ಒಳ್ಳೆಯದೇ. ಆದರೆ ಬೆಟ್ಟದ ಮೇಲೆ ಇಡೀ ಶ್ವಾಸಕೋಶಕ್ಕೇ ಆಮ್ಲಜನಕ ಕಡಿಮೆ. ಎಲ್ಲಾ ಕಡೆ ನಾಳ ಬಿಗಿದರೆ ರಕ್ತ ಹೋಗೋದೆಲ್ಲಿ? ಒತ್ತಡ ಏರುತ್ತೆ, ಕೆಲವರಿಗೆ ಸಣ್ಣ ನಾಳಗಳಿಂದ ನೀರು ಸೋರಿ ಗಾಳಿಚೀಲ ತುಂಬುತ್ತೆ. ತಮ್ಮನಿಗೆ ಆದದ್ದು ಅದೇ. ನಿಫೆಡಿಪಿನ್ ಆ ಕ್ಯಾಲ್ಸಿಯಂ ಬಾಗಿಲನ್ನು ಮುಚ್ಚುತ್ತೆ, ನಾಳ ಸಡಿಲವಾಗುತ್ತೆ.

"ಹಾಗಾದ್ರೆ ಇವನು ಹಾಲು ಕುಡೀಬಾರ್ದಾ?" ಅಮ್ಮ ಫೋನಲ್ಲಿ ಕೇಳಿದರು. ಕುಡೀಬಹುದಮ್ಮಾ, ತೊಂದರೆ ಇದ್ದದ್ದು ಬಾಗಿಲಲ್ಲಿ, ಹಾಲಲ್ಲಲ್ಲ ಅಂದೆ.

ನೀವೂ ಹೋಗೋದಿದ್ರೆ ಮೊದಲ ಎರಡು ದಿನ ಸುಮ್ಮನಿರಿ. ಕೂತಲ್ಲೇ ಏದುಸಿರು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ, ಕೆಳಗಿಳಿಯಿರಿ. ಮಾತ್ರೆ ವೈದ್ಯರೇ ಕೊಡಲಿ. ತಮ್ಮ ಈಗ ಆರಾಮಾಗಿದ್ದಾನೆ. ಅವತ್ತು ಹೂಂ ಅಂದದ್ದಕ್ಕೆ ನನಗೆ ಮಾತ್ರ ಇನ್ನೂ ಕಸಿವಿಸಿ.