ಎಕ್ಸಾಸ್ಟ್ ಫ್ಯಾನು: ಕೊಳ್ಳುವಾಗ ಚೌಕಾಸಿ, ಕೂರಿಸುವಾಗ ಉದಾಸೀನ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ಕುಕ್ಕುವಾಡದ ಸಕ್ಕರೆ ಕಾರ್ಖಾನೆಯವರೆಗೆ, ಭದ್ರಾ ಅಚ್ಚುಕಟ್ಟಿನ ಅಕ್ಕಿ ಗಿರಣಿಗಳಿಂದ ಹರಿಹರದ ಯಂತ್ರಭಾಗಗಳ ಘಟಕಗಳವರೆಗೆ, ಹೊಗೆ, ಧೂಳು, ಶಾಖಗಳಿಲ್ಲದ ಉದ್ದಿಮೆ ಈ ಭಾಗದಲ್ಲಿ ವಿರಳ. ಅವುಗಳನ್ನು ಹೊರಹಾಕುವ ಫ್ಯಾನನ್ನು ಮಾತ್ರ ಅನೇಕ ಮಾಲೀಕರು ಯಂತ್ರವೆಂದು ಎಣಿಸದೆ, ಟ್ಯೂಬ್‌ಲೈಟಿನಂತೆ ಒಂದು ವಿದ್ಯುತ್ ಸಾಮಗ್ರಿಯೆಂದೇ ಭಾವಿಸುತ್ತಾರೆ. ಅನರ್ಥದ ಮೂಲ ಇಲ್ಲಿಯೇ ಇದೆ.

ಗಾಳಿ ಸಾಲದೆಂದು ಪುಲ್ಲಿ ಬದಲಿಸಿ ವೇಗ ಹೆಚ್ಚಿಸುವ ಪರಿಪಾಠವನ್ನೇ ನೋಡಬಹುದು. ವೇಗ ಶೇ. 10ರಷ್ಟು ಏರಿದರೆ ಗಾಳಿಯೂ ಶೇ. 10ರಷ್ಟೇ ಏರುತ್ತದೆ, ಮೋಟಾರಿನ ಹೊರೆಯಾದರೋ ಸುಮಾರು ಶೇ. 33ರಷ್ಟು ಏರುತ್ತದೆ. ಸುಟ್ಟ ಮೋಟಾರಿನ ದೂರು ಅಂಗಡಿಯವನ ಮೇಲೆ! ವಾಸ್ತವವಾಗಿ ಕೊರತೆ ಇರುವುದು ಬಹಳ ಸಲ ಒಳಬರುವ ಗಾಳಿಯದು. ಎಲ್ಲ ಕಿಟಕಿಗಳನ್ನು ಮುಚ್ಚಿದ ಶೆಡ್ಡಿನಲ್ಲಿ ದೊಡ್ಡ ಫ್ಯಾನು ತಿರುಗಿದರೆ, ಅದು ಒಲೆಯ ಹೊಗೆಯನ್ನೇ ಚಿಮಣಿಯಿಂದ ಹಿಂದಕ್ಕೆಳೆದು ಕೆಲಸಗಾರರ ಮುಖಕ್ಕೆ ತರುತ್ತದೆ.

ಫ್ಯಾನು ಎಲ್ಲಿರಬೇಕೆಂಬುದನ್ನು 1948ರ ಕಾರ್ಖಾನೆಗಳ ಕಾಯಿದೆಯ 14ನೆಯ ಕಲಮು ಸ್ಪಷ್ಟವಾಗಿಯೇ ಹೇಳಿತ್ತು: ಧೂಳು ಹುಟ್ಟುವ ಜಾಗಕ್ಕೆ ಸಾಧ್ಯವಾದಷ್ಟು ಸಮೀಪದಲ್ಲಿ ಅದನ್ನು ಹೀರಬೇಕು, ಆ ಜಾಗವನ್ನು ಆದಷ್ಟು ಮುಚ್ಚಿರಬೇಕು. ಮುಚ್ಚಿ, ಹೀರದೆ ಬಿಟ್ಟರೆ ಏನಾಗುವುದೆಂಬುದಕ್ಕೆ ಅಮೆರಿಕದ ಜಾರ್ಜಿಯಾ ಸಾಕ್ಷಿ. ಅಲ್ಲಿನ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಸಕ್ಕರೆ ಸಾಗಿಸುವ ಬೆಲ್ಟನ್ನು 2007ರಲ್ಲಿ ತಗಡಿನಿಂದ ಮುಚ್ಚಲಾಯಿತು. ಒಳಗಿನ ಧೂಳನ್ನು ಹೀರುವ ವ್ಯವಸ್ಥೆ ಮಾಡಲಿಲ್ಲ. 2008ರ ಫೆಬ್ರವರಿ 7ರಂದು ಧೂಳು ಸ್ಫೋಟಿಸಿ 14 ಮಂದಿ ಸತ್ತರು. ಸಕ್ಕರೆಯಂತೆ ಹಿಟ್ಟು, ತೌಡಿನ ಧೂಳೂ ಕಿಡಿಗಾಗಿ ಕಾದಿರುವಂಥದೇ. ಅಂತಹ ಗಾಳಿಯ ದಾರಿಯಲ್ಲಿ ತೆರೆದ ಸಾಧಾರಣ ಮೋಟಾರು ಇರಕೂಡದು.

ಅಳವಡಿಕೆಯ ಕೆಲಸವನ್ನು ಏಣಿ ಇರುವ ಯಾವನಿಗಾದರೂ ಒಪ್ಪಿಸುವುದು ತಪ್ಪು. ಫ್ಯಾನನ್ನು ಚೌಕಟ್ಟಿನಿಂದ ಎತ್ತಬೇಕೇ ಹೊರತು ಶಾಫ್ಟಿನಿಂದಲೋ ಅಲಗುಗಳಿಂದಲೋ ಅಲ್ಲ; ಒಮ್ಮೆ ಬಾಗಿದ ಅಲಗು ಬೇರಿಂಗನ್ನು ತಿನ್ನುತ್ತಲೇ ಇರುತ್ತದೆ. ಎರಡು ಫೇಸುಗಳು ಅದಲುಬದಲಾದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಅಲಗಿನ ಫ್ಯಾನಾದರೆ ಗಾಳಿ ಒಳಗೆ ನುಗ್ಗುವುದರಿಂದ ಕೂಡಲೇ ತಿಳಿಯುತ್ತದೆ. ಬ್ಲೋವರ್ ಮಾದರಿಯದಾದರೆ ಗಾಳಿ ಹೊರಕ್ಕೇ ಹೋಗುತ್ತಿದ್ದರೂ ಪ್ರಮಾಣ ಕುಸಿದಿರುತ್ತದೆ. ಎಷ್ಟೋ ದಿನ ಯಾರ ಗಮನಕ್ಕೂ ಬಾರದು. ಆದ್ದರಿಂದ ಮೊದಲ ದಿನವೇ ಕ್ಷಣಕಾಲ ಚಾಲೂ ಮಾಡಿ ಬಾಣದ ಗುರುತಿನೊಂದಿಗೆ ತಾಳೆ ನೋಡಬೇಕು. ಅರ್ಥಿಂಗ್ ಮತ್ತು ಜಾಲರಿಯ ವಿಷಯದಲ್ಲಿ ಚರ್ಚೆಗೆ ಅವಕಾಶವೇ ಇಲ್ಲ.

ಅಪಾಯ ಹೆಚ್ಚಾಗಿರುವುದು ಸ್ವಚ್ಛಗೊಳಿಸುವಾಗ. ಸ್ವಿಚ್ ಆರಿಸಿದ್ದರೂ ಹೊರಗಿನ ಗಾಳಿಗೆ ಅಲಗು ತಿರುಗಬಲ್ಲದು. ಕೆಳಗಿರುವವನು ತಿಳಿಯದೆ ಸ್ವಿಚ್ ಒತ್ತಲೂಬಹುದು. ಫ್ಯಾನಿನ ಪಕ್ಕದಲ್ಲಿಯೇ ಬೀಗ ಹಾಕಬಲ್ಲ ಐಸೊಲೇಟರ್ ಇದ್ದು, ಬೀಗದ ಕೈ ಮೇಲೆ ಹತ್ತಿದವನ ಜೇಬಿನಲ್ಲಿರಬೇಕು.

ವಿದ್ಯುತ್ ಬಳಸುವ ಘಟಕವನ್ನು ಕಾರ್ಖಾನೆಯೆಂದು ಪರಿಗಣಿಸಲು 1948ರ ಕಾಯಿದೆಗೆ 10 ಕಾರ್ಮಿಕರು ಸಾಕಾಗಿದ್ದರು. 2020ರ ಸಂಹಿತೆ ಆ ಮಿತಿಯನ್ನು 20ಕ್ಕೇರಿಸಿತು. ಸಣ್ಣ ಉದ್ದಿಮೆದಾರರಿಗೆ ಇದು ನಿರಾಳವೆನಿಸಬಹುದು. ಆದರೆ ಎಂಟು ಜನರ ಭಟ್ಟಿಯಲ್ಲಿ ಜಾಲರಿ ಇದೆಯೇ ಎಂದು ನೋಡುವ ಹೊಣೆ ಈಗ ಮಾಲೀಕನೊಬ್ಬನದೇ. ಮಾರಾಟಗಾರರು ಜಾಲರಿ, ಐಸೊಲೇಟರ್, ಅಳವಡಿಕೆಗಳನ್ನು ಬಿಡಿಬಿಡಿಯಾಗಿ ನಮೂದಿಸದೆ ಒಂದೇ ದರದಲ್ಲಿ ಕೊಟೇಶನ್ ನೀಡುವುದಾದರೆ, ಚೌಕಾಸಿಯ ಹೊತ್ತಿನಲ್ಲಿ ಅವು ಪಟ್ಟಿಯಿಂದ ಜಾರಿಹೋಗುವುದಾದರೂ ತಪ್ಪೀತು.