ದ್ವೀಪದ ಕಡಲಿಗೆ ಇಳಿಯುವ ಮುನ್ನ

ಗಲ್ಫಿನಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ರಜೆಯಲ್ಲಿ ಬಂದವನು ಶಾಲೆಗೂ ಬಂದಿದ್ದ. ಕೈಯಲ್ಲಿದ್ದ ಮೊಬೈಲಿನ ತುಂಬ ನೀಲಿ ನೀರು, ಬಿಳಿ ಹೊಯಿಗೆ, ಬಾಗಿದ ತೆಂಗಿನ ಮರಗಳು. ಮಕ್ಕಳು ಈಜಬೇಕು, ಹೆಂಡತಿ ಮುಖಕ್ಕೆ ಕನ್ನಡಿ ಕಟ್ಟಿಕೊಂಡು ನೀರಿನಡಿಯ ಹವಳ ನೋಡಬೇಕು, ತಾನು ಹಲಗೆಯ ಮೇಲೆ ನಿಂತು ತೆರೆ ಏರಬೇಕು, ಎಲ್ಲರೂ ಸೇರಿ ಕಡಲಾಮೆ ನೋಡಬೇಕು. "ಈ ನಾಲ್ಕೂ ಒಂದೇ ಕಡೆ ಸಿಗುವ ದ್ವೀಪ ಯಾವುದು ಮಾಷ್ಟ್ರೇ? ಭೂಗೋಳ ಕಲಿಸಿದ್ದು ನೀವೇ ಅಲ್ಲವೋ?" ಎಂದು ಕೇಳಿದ. ಅಂಥ ದ್ವೀಪ ನಮಗೆ ಗೊತ್ತಿಲ್ಲವೆಂದಾಗ ಅವನಿಗೆ ಅಷ್ಟೊಂದು ಸಮಾಧಾನವಾಗಲಿಲ್ಲ.

ಇಂಥ ಪ್ರಶ್ನೆ ಕೇಳುವವರು ಈಗ ಊರೂರಲ್ಲಿದ್ದಾರೆ. 2024ರ ಜನವರಿಯಲ್ಲಿ ಪ್ರಧಾನ ಮಂತ್ರಿಗಳು ಲಕ್ಷದ್ವೀಪದ ನೀರಿಗಿಳಿದ ಚಿತ್ರಗಳು ಪ್ರಕಟವಾದ ಮೇಲಂತೂ, ಮಾಲ್ದೀವ್ಸಿಗೆ ಹೋಗುವವರೆಲ್ಲ ಇತ್ತ ತಿರುಗಬೇಕೆಂಬ ಕೂಗೆದ್ದಿತು. ದೇಶಾಭಿಮಾನ ಒಳ್ಳೆಯದೇ. ಆದರೆ ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರು, ನಮ್ಮ ಜಿಲ್ಲೆಯ ಒಂದು ಸಾಧಾರಣ ಪಂಚಾಯತಿನಷ್ಟು. ಅದರೊಳಗೆ ಜನವಸತಿಯಿರುವ ದ್ವೀಪಗಳು ಹತ್ತು, 2011ರ ಜನಗಣತಿಯಂತೆ 64 ಸಾವಿರ ಜನ. ಇಷ್ಟು ಚಿಕ್ಕ ಅಂಗಳಕ್ಕೆ ಎಷ್ಟು ಮಂದಿ ನೆಂಟರನ್ನು ಕರೆಯಬಹುದೆಂಬ ಪ್ರಶ್ನೆಯನ್ನು ಕೂಗಿದವರು ಯಾರೂ ಕೇಳಲಿಲ್ಲ.

ಕಾಸರಗೋಡಿನ ಕನ್ನಡಿಗರಾದ ನಾವು ಈ ವಿಷಯದಲ್ಲಿ ಬಾಯಿ ಹಾಕಲು ಒಂದು ಕಾರಣವಿದೆ. ಅಮೀನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಉತ್ತರದ ದ್ವೀಪಗಳು 1956ರ ತನಕ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1783ರಲ್ಲಿ ಅಮೀನಿಯ ಜನ ಕಣ್ಣಾನೂರಿನ ಅರಕ್ಕಲ್ ಬೀಬಿಯ ಆಡಳಿತದಿಂದ ಬೇಸತ್ತು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಆ ದ್ವೀಪಗಳು ಕಂಪೆನಿಯ ಕೈಗೆ ಬಂದು ಮಂಗಳೂರಿನಿಂದಲೇ ಆಳಲ್ಪಟ್ಟವು. ಅಮೀನಿಯಲ್ಲಿ ಕಲೆಕ್ಟರರ ಪರವಾಗಿ ಮೊನೆಗಾರನೆಂಬ ಅಧಿಕಾರಿಯಿದ್ದ. ದ್ವೀಪದ ಹುರಿಹಗ್ಗ, ಕೊಬ್ಬರಿ, ಬೆಲ್ಲ ಹಾಯಿ ಹಡಗಿನಲ್ಲಿ ಮಂಗಳೂರು ಬಂದರಿಗೆ ಬರುತ್ತಿದ್ದವು, ಅಕ್ಕಿ ಅತ್ತ ಹೋಗುತ್ತಿತ್ತು. 1956ರ ನವೆಂಬರ 1ರಂದು ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅದೇ ದಿನ ಆ ಐದು ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಒಂದೇ ಮನೆಯಿಂದ ಒಂದೇ ದಿನ ಪಾಲಾಗಿ ಹೋದ ಇಬ್ಬರು ನಾವು. ನಮ್ಮ ಪಾಲಿನ ದುಃಖವನ್ನು ಪ್ರತಿವರ್ಷ ತೋಡಿಕೊಳ್ಳುತ್ತೇವೆ, ತೋಡಿಕೊಳ್ಳಬೇಕಾದ್ದೇ. ಆ ಇನ್ನೊಬ್ಬನ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ನಮ್ಮ ತರಗತಿಯ ಗೋಡೆಯ ಭೂಪಟದಲ್ಲಿ ಆ ದ್ವೀಪಗಳು ಸಾಸಿವೆ ಚೆಲ್ಲಿದಂತೆ ಕೆಲವು ಚುಕ್ಕಿ, ಅಷ್ಟೆ.

ಇನ್ನು ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಮೊದಲನೆಯದಾಗಿ ಈಜು. ದ್ವೀಪವೆಂದ ಕೂಡಲೇ ಎಲ್ಲ ಕಡೆ ಕೊಳದಂಥ ನೀರಿರುತ್ತದೆಂದು ತಿಳಿಯಬಾರದು. ಹವಳದ ದಿಬ್ಬವು ಬಳೆಯಂತೆ ಸುತ್ತುಗಟ್ಟಿದಲ್ಲಿ ಒಳಗೆ ಆಳವಿಲ್ಲದ, ಶಾಂತವಾದ ನೀರು ನಿಲ್ಲುತ್ತದೆ. ನಮ್ಮ ಪುಸ್ತಕಗಳಲ್ಲಿ ಅದನ್ನೇ ಲಗೂನ್ ಎನ್ನುವುದು. ಲಕ್ಷದ್ವೀಪದ ಹೆಚ್ಚಿನ ದ್ವೀಪಗಳು ಈ ಬಳೆಯ ಪೂರ್ವದ ಅಂಚಿನಲ್ಲಿ ಕುಳಿತಿವೆ, ಲಗೂನ್ ಪಡುವಣಕ್ಕೆ. ಆದುದರಿಂದ ಮಕ್ಕಳನ್ನು ಇಳಿಸುವುದಾದರೆ ಪಡುವಣ ಬದಿಗೆ. ಪೂರ್ವದ ಬದಿಯಲ್ಲಿ ದಿಬ್ಬದ ಅಂಚು ದಾಟಿದರೆ ತಳ ಕಾಣದ ಆಳ. ಕದ್ಮತ್ ಎಂಬ ಉದ್ದನೆಯ, ಅಗಲದಲ್ಲಿ ಅರ್ಧ ಕಿಲೋಮೀಟರಿನಷ್ಟೇ ಇರುವ ದ್ವೀಪ ಈಜಿಗೆ ಬಹಳ ಅನುಕೂಲ. ಕವರತ್ತಿ, ಬಂಗಾರಂ, ಕಲ್ಪೇನಿಗಳೂ ಆದೀತು. ಆಂದ್ರೋತ್ ಇವೆಲ್ಲಕ್ಕಿಂತ ದೊಡ್ಡದು, ನಮ್ಮ ಕರಾವಳಿಗೆ ಹತ್ತಿರದ್ದೂ ಹೌದು. ಆದರೆ ಅದಕ್ಕೆ ಲಗೂನ್ ಇಲ್ಲ. ಹೆಸರು ಕೇಳಿ, ದೂರ ಲೆಕ್ಕಹಾಕಿ ಅಲ್ಲಿಗೆ ಈಜಲು ಹೋದವನು ಪೆಚ್ಚುಮೋರೆ ಹಾಕಿಕೊಂಡು ಬರಬೇಕಷ್ಟೆ.

ದ್ವೀಪದಲ್ಲಿ ಎರಡು ದಿನ ಈಜಿದ ಧೈರ್ಯದಿಂದ ಊರಿಗೆ ಬಂದು ನಮ್ಮ ಬೇಕಲದ, ಕಾಞಂಗಾಡಿನ ಕಡಲಿಗೆ ಹಾರಬಾರದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ನಮ್ಮದು ತಡೆಯಿಲ್ಲದ, ನೇರವಾದ ಹೊಯಿಗೆಯ ದಂಡೆ. ತೆರೆಗಳು ತಂದು ಸುರಿದ ನೀರು ಎಲ್ಲೋ ಒಂದು ಕಡೆ ಸೇರಿ ಸೆಳೆತವಾಗಿ ಹೊರಗೆ ಹೋಗುತ್ತದೆ. ನೊರೆಯಿಲ್ಲದೆ ಶಾಂತವಾಗಿ ಕಾಣುವ ಜಾಗವೇ ಹೆಚ್ಚಿನ ವೇಳೆ ಆ ಸೆಳೆತದ ದಾರಿ. ಸಿಕ್ಕಿಕೊಂಡವನು ದಡದತ್ತ ನೇರ ಈಜಿ ಸೋಲುತ್ತಾನೆ. ದಡಕ್ಕೆ ಸಮಾನಾಂತರವಾಗಿ ಬದಿಗೆ ಈಜಿದರೆ ಪಾರಾಗುವ ಸಾಧ್ಯತೆ ಹೆಚ್ಚು. ಕಡಲ ಮಗ್ಗುಲಲ್ಲೇ ಹುಟ್ಟಿ ಬೆಳೆದ ನಮ್ಮ ಎಷ್ಟೋ ಮಕ್ಕಳಿಗೆ ಇದು ಗೊತ್ತಿಲ್ಲ. ಪಾಠಪುಸ್ತಕದಲ್ಲಿ ನೈಲ್ ನದಿಯ ಉದ್ದವಿದೆ, ಇದು ಇರುವುದಿಲ್ಲ.

ಹಲಗೆಯ ಮೇಲೆ ತೆರೆ ಏರುವ ಆಟಕ್ಕೆ ಲಕ್ಷದ್ವೀಪ ಸಲ್ಲದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಲಗೂನಿನೊಳಗೆ ತೆರೆಯಿಲ್ಲ. ತೆರೆ ಮುರಿಯುವುದು ದಿಬ್ಬದ ಅಂಚಿನಲ್ಲಿ, ಅಲ್ಲಿ ಮೊಣಕಾಲು ನೀರಿನಡಿ ಗರಗಸದಂಥ ಹವಳ. ಕಲಿಯುವವನು ಬಿದ್ದರೆ ಮೈ ಉಳಿಯದು, ಹವಳವೂ ಉಳಿಯದು. ಅದನ್ನು ಕಲಿಯಬೇಕೆಂದಿರುವವನು ಮಂಗಳೂರಿನಾಚೆ ಮೂಲ್ಕಿಗೆ ಹೋಗಲಿ. ಅಲ್ಲಿ ತಳದಲ್ಲಿ ಹೊಯಿಗೆಯಿದೆ, ಕಲಿಸುವವರಿದ್ದಾರೆ. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆದಿತ್ತು. ಬಸ್ಸಿನಲ್ಲಿ ಹೋಗಿ ಸಂಜೆಗೆ ಬರಬಹುದಾದ ಊರನ್ನು ಬಿಟ್ಟು ಅದಕ್ಕಾಗಿ ಹಡಗು ಹತ್ತುವುದೇಕೆ?

ಹವಳ ನೋಡುವ ವಿಚಾರವನ್ನು ಹೀಗೆ ಎರಡು ಮಾತಿನಲ್ಲಿ ಮುಗಿಸುವಂತಿಲ್ಲ. ನಾವು ಒಮ್ಮೆ ಹಡಗಿನಲ್ಲಿ ಹೋಗಿ ಕವರತ್ತಿ, ಕಲ್ಪೇನಿಗಳನ್ನು ನೋಡಿ ಬಂದವರು. ಸ್ನಾರ್ಕಲ್ ಎಂಬ ಕೊಳವೆಯನ್ನು ಬಾಯಲ್ಲಿ ಕಚ್ಚಿ ಮುಖ ಮುಳುಗಿಸಿದಾಗ ಮೊದಲು ಕಂಡದ್ದಕ್ಕಿಂತ ಕೇಳಿದ್ದು ಹೆಚ್ಚು: ಯಾರೋ ಒಣ ಹಪ್ಪಳ ಮುರಿಯುತ್ತಿರುವಂತೆ ಕಟಕಟ ಸದ್ದು. ಗಿಳಿಮೀನುಗಳು ಕೊಕ್ಕಿನಂಥ ಹಲ್ಲಿನಿಂದ ಹವಳವನ್ನು ಕೆರೆದು ತಿನ್ನುತ್ತವೆ, ಅರಗದ ಸುಣ್ಣವನ್ನು ಹಿಂದಿನಿಂದ ಪುಡಿಯಾಗಿ ಬಿಡುತ್ತವೆ. ಮೊಬೈಲಿನ ಚಿತ್ರದಲ್ಲಿ ಅಷ್ಟು ಚಂದ ಕಾಣುವ ಬಿಳಿ ಹೊಯಿಗೆಯಲ್ಲಿ ದೊಡ್ಡ ಪಾಲು ಈ ಮೀನುಗಳ ವಿಸರ್ಜನೆ. ಎಂಟನೇ ತರಗತಿಯಲ್ಲಿ ಇದನ್ನು ಹೇಳಿದಾಗ ಎದ್ದ ನಗೆ ಪಕ್ಕದ ಕೋಣೆಯ ಪಾಠವನ್ನೂ ನಿಲ್ಲಿಸಿತ್ತು. ಆದರೆ ವಿಷಯ ನಗೆಯದಲ್ಲ. ಹವಳ ಸತ್ತರೆ ಮೀನು ಹೋಗುತ್ತದೆ, ಮೀನು ಹೋದರೆ ಹೊಯಿಗೆ ಹುಟ್ಟುವುದು ಕಡಿಮೆಯಾಗುತ್ತದೆ, ತೆರೆಯನ್ನು ತಡೆಯುವ ದಿಬ್ಬ ಸವೆಯುತ್ತದೆ. ಸಮುದ್ರಮಟ್ಟದಿಂದ ಕೆಲವೇ ಅಡಿ ಎತ್ತರವಿರುವ ದ್ವೀಪಕ್ಕೆ ಬೇರೆ ಗೋಡೆಯಿಲ್ಲ.

ಹವಳ ಸಾಯುತ್ತಿರುವುದೂ ನಿಜ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ, ಬಣ್ಣವೂ ಬಹುಪಾಲು ಅನ್ನವೂ ಅದರಿಂದಲೇ. ಕಡಲ ನೀರು ವಾಡಿಕೆಯ ಬೇಸಿಗೆಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಹವಳವು ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಬಹಳ ದಿನ ಹಾಗಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲಿ ಹೀಗಾಯಿತು, 2010ರಲ್ಲಿ ಆಯಿತು, 2016ರಲ್ಲಿ ಆಯಿತು, 2024ರ ಬೇಸಿಗೆಯಲ್ಲಿ ಮತ್ತೆ ಆಯಿತು. ಬಿಸಿಲಿನ ಈ ಪೆಟ್ಟಿನ ಮೇಲೆ ನಮ್ಮ ಕಾಲಿನ ಪೆಟ್ಟೂ ಬೇಕೆ? ಕವರತ್ತಿಯಲ್ಲಿ ನಮ್ಮೊಡನಿದ್ದ ಪ್ರವಾಸಿಯೊಬ್ಬರು ಫೋಟೋಕ್ಕಾಗಿ ಹವಳದ ಗುಡ್ಡೆಯೊಂದರ ಮೇಲೆ ಎದ್ದು ನಿಂತರು. ದೋಣಿಯವನು ಬೈಯಲಿಲ್ಲ. "ಸಾರ್, ಅದಕ್ಕೆ ನನ್ನ ಅಜ್ಜನ ವಯಸ್ಸು" ಎಂದ. ಅವರು ನಗುತ್ತ ಇನ್ನೂ ಎರಡು ಫೋಟೋ ತೆಗೆಸಿಕೊಂಡೇ ಇಳಿದರು. ಅವರನ್ನು ತಡೆಯದೆ ಸುಮ್ಮನಿದ್ದವರಲ್ಲಿ ನಾವೂ ಸೇರಿದ್ದೆವು. ಸತ್ತ ಹವಳದ ತುಂಡನ್ನು ಹೆಕ್ಕಿ ಚೀಲಕ್ಕೆ ಹಾಕುವುದೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೆಂದು ಹೋಗುವವರು ತಿಳಿದಿರಬೇಕು.

ಆಮೆಗಳನ್ನು ನೋಡಲು ಅಗತ್ತಿ ಪ್ರಸಿದ್ಧ. ಇಲ್ಲಿ ಒಂದು ವಿಚಿತ್ರ ನಡೆದಿದೆ. ಹಸಿರಾಮೆ ಹುಲ್ಲು ಮೇಯುವ ಪ್ರಾಣಿ. ರಕ್ಷಣೆ ಸಿಕ್ಕಿ ಅವುಗಳ ಸಂಖ್ಯೆ ಹೆಚ್ಚಿದಂತೆ ಅಗತ್ತಿಯ ಲಗೂನಿನ ಕಡಲಹುಲ್ಲು ಬೋಳಾಯಿತು, ಆ ಹುಲ್ಲಿನಲ್ಲಿ ಬೆಳೆಯುತ್ತಿದ್ದ ಮೀನು ಕಡಿಮೆಯಾಯಿತು. ಮೀನುಗಾರ ಆಮೆಯನ್ನು ಶಪಿಸುತ್ತಾನೆ, ಪ್ರವಾಸಿ ಅದನ್ನೇ ನೋಡಿ ಚಪ್ಪಾಳೆ ತಟ್ಟುತ್ತಾನೆ. ಇಬ್ಬರೂ ಒಂದೇ ದೋಣಿಯಲ್ಲಿರುತ್ತಾರೆಂಬುದು ಬೇರೆ ಮಾತು. ಹಕ್ಕಿಗಳ ಪಕ್ಷಿಧಾಮವಾದ ಪಿಟ್ಟಿ ಎಂಬುದು ಮರವಿಲ್ಲದ ಹೊಯಿಗೆಯ ದಿಬ್ಬ, ಕಡಲಹಕ್ಕಿಗಳು ಬರಿ ನೆಲದ ಮೇಲೆ ಮೊಟ್ಟೆಯಿಡುವ ಜಾಗ. ಅಲ್ಲಿ ಕಾಲಿಡುವ ಆಸೆ ಬೇಡ. ಆಮೆಯನ್ನೇ ನೋಡಬೇಕೆನ್ನುವ ಮಕ್ಕಳಿಗೆ ನಮ್ಮ ನೀಲೇಶ್ವರದ ತೈಕಡಪ್ಪುರವೂ ಇದೆ. ಅಲ್ಲಿನ ದಂಡೆಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಊರವರು ಅವನ್ನು ಕಾದು ಮರಿಗಳನ್ನು ಕಡಲಿಗೆ ಬಿಡುತ್ತಾರೆ.

ಇನ್ನು ನೀರಿನ ಮಾತು. ದ್ವೀಪದಲ್ಲಿ ಹೊಳೆಯಿಲ್ಲ. ಮಳೆಯ ನೀರು ಹೊಯಿಗೆಯಡಿ ಇಳಿದು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿ ನಿಂತಿರುತ್ತದೆ. ಬಾವಿಯಿಂದ ಪಂಪು ಹಾಕಿ ಹೆಚ್ಚು ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಇದಕ್ಕಾಗಿಯೇ 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರ ಬಂತು, ದಿನಕ್ಕೆ ಒಂದು ಲಕ್ಷ ಲೀಟರು. ದ್ವೀಪದವರಿಗೇ ಅಳೆದು ಸಿಗುವ ನೀರಿನಲ್ಲಿ ಈಜುಕೊಳದ ಹೋಟೆಲುಗಳಿಗೆ ಎಷ್ಟು ಹೋಗಬೇಕು? ಸುಹೇಲಿ, ಕದ್ಮತ್‌ಗಳಲ್ಲಿ ದೊಡ್ಡ ವಿಹಾರಧಾಮ ಕಟ್ಟುವ ಯೋಜನೆ 2023ರಲ್ಲಿ ಪ್ರಕಟವಾದಾಗ ನಮಗೆ ಮೊದಲು ಹೊಳೆದ ಪ್ರಶ್ನೆ ಇದು. ಹಗಲು ದ್ವೀಪ, ರಾತ್ರಿ ಹಡಗಿನಲ್ಲೇ ನಿದ್ರೆ ಎಂಬ ಪ್ರವಾಸದ ಕ್ರಮ ಇದಕ್ಕಿಂತ ಎಷ್ಟೋ ಮೇಲು. ಲಗೂನ್ ನಮಗೆ ಆಟದ ಅಂಗಳವಾದರೆ ಅವರಿಗೆ ಅಡುಗೆಮನೆ. ಗಾಳಕ್ಕೆ ಚೂರೆ ಮೀನು ಹಿಡಿಯುವವರು ಅದನ್ನು ಸೆಳೆಯಲು ಎರಚುವ ಜೀವಂತ ಮರಿಮೀನು ಸಿಗುವುದು ಆ ಹವಳಗಳ ನಡುವೆಯೇ.

ಹಾಗಾದರೆ ಯಾರೂ ಹೋಗಬಾರದೆನ್ನುತ್ತೀರಾ ಎಂದು ಕೇಳಬಹುದು. ನಾವು ಹಾಗೆನ್ನುವುದಿಲ್ಲ. ಪ್ರವೇಶಕ್ಕೆ ಅನುಮತಿಪತ್ರ ಬೇಕೆಂಬ 1967ರ ನಿಯಮವನ್ನು ಕಿರಿಕಿರಿಯೆಂದು ಹಲವರು ದೂರುತ್ತಾರೆ. ಅದು ಇರಲಿ, ಇನ್ನೂ ಬಿಗಿಯಾಗಲಿ ಎಂಬುದು ನಮ್ಮ ಮತ. ಅದರೊಡನೆ ಇನ್ನೊಂದು ಬೇಡಿಕೆಯೂ ನಮಗಿದೆ, ಅದು ಮೇಲಿನದಕ್ಕೆ ವಿರುದ್ಧವೆಂದು ಕಂಡರೆ ಕಾಣಲಿ. ಕಾಸರಗೋಡಿನವನು ದ್ವೀಪಕ್ಕೆ ಹೋಗಬೇಕಾದರೆ ಕೊಚ್ಚಿಗೆ ಇಳಿದುಹೋಗಿ ಅಲ್ಲಿಂದ ಹಡಗು ಹತ್ತಬೇಕು. 2024ರ ಮೇ ತಿಂಗಳಲ್ಲಿ ದ್ವೀಪದವರನ್ನು ಹೊತ್ತ ವೇಗದ ಹಡಗೊಂದು ಮಂಗಳೂರಿನ ಹಳೆ ಬಂದರಿಗೆ ಬಂದಾಗ ಅನೇಕರಿಗೆ ಸಂತೋಷವಾಯಿತು. ಆ ದಾರಿ ಋತುವಿನುದ್ದಕ್ಕೂ ನಂಬಬಹುದಾದ ದಾರಿಯಾಗಬೇಕು. ಆಸ್ಪತ್ರೆಗೆ, ಕಾಲೇಜಿಗೆ ಬರುವ ದ್ವೀಪದವರಿಗೆ ಮೊದಲ ಸ್ಥಾನ. ಉಳಿದ ಕೆಲವು ಆಸನ ಎರಡೂ ಕಡೆಯ ಶಾಲೆಯ ಮಕ್ಕಳಿಗೆ. ವಿಹಾರಕ್ಕೆ ಹೋಗುವವರು ಅವರ ನಂತರ.

ಹಳೆಯ ವಿದ್ಯಾರ್ಥಿಗೆ ನಾವು ಕದ್ಮತ್ ಎಂದು ಬರೆದುಕೊಟ್ಟೆವು. ಅಕ್ಟೋಬರದಿಂದ ಮೇ ಮಧ್ಯದೊಳಗೆ, ಹಲಗೆಯನ್ನು ಮನೆಯಲ್ಲಿಟ್ಟು ಎಂದೂ ಸೇರಿಸಿದೆವು. ಅವನು ಚೀಟಿ ಓದಿ, "ಇದೊಂದು ಕಾಲದಲ್ಲಿ ನಮ್ಮ ಜಿಲ್ಲೆಯೇ ಆಗಿತ್ತೆಂದು ನೀವು ಕ್ಲಾಸಿನಲ್ಲಿ ಹೇಳಿರಲಿಲ್ಲವಲ್ಲ ಮಾಷ್ಟ್ರೇ" ಎಂದ. ಹೇಳಿರಲಿಲ್ಲ, ನಿಜ. ಆಗ ನಮಗೂ ಗೊತ್ತಿರಲಿಲ್ಲ.